ಕೋಳಿಯ ಕುಲಗೋತ್ರ

ನಮ್ಮ ಮುತ್ತಜ್ಜನ ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಆದರೆ ಇಂಗ್ಲೆಂಡಿನ ಈ ಹಿತ್ತಲಲ್ಲಿ ನಾನು ಸಾಕಿರುವ ಆರ್ಪಿಂಗ್ಟನ್ ಹುಂಜದ ಪೂರ್ವಜರನ್ನು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಿಯೇನು: ಮಿನೋರ್ಕಾ, ಲ್ಯಾಂಗ್‌ಶಾನ್, ಪ್ಲಿಮತ್ ರಾಕ್. ಸಾರೋಟು ಓಡಿಸುತ್ತಿದ್ದ ವಿಲಿಯಂ ಕುಕ್ ಇವನ್ನೆಲ್ಲ ಕೂಡಿಸಿ 1886ರಲ್ಲಿ ಕಪ್ಪು ತಳಿಯನ್ನು ಲೋಕಕ್ಕೆ ತೋರಿಸಿದ. ಲಂಡನ್ನಿನ ಮಸಿ ಮೈಮೇಲೆ ಕೂತರೂ ಕಾಣಬಾರದಂತೆ! ಹೊಂಬಣ್ಣದ ಬಫ್ ಬಂದದ್ದು 1894ರಲ್ಲಿ.

ನನ್ನ ಸಂಕಟ ನೀಲಿಯದು. ನೀಲಿಗೆ ನೀಲಿಯನ್ನೇ ಜೋಡಿ ಮಾಡಿದರೂ ಮರಿಗಳಲ್ಲಿ ಸರಾಸರಿ ಅರ್ಧ ಮಾತ್ರ ನೀಲಿ. ಕಾಲುಭಾಗ ಕಪ್ಪು, ಉಳಿದ ಕಾಲುಭಾಗ ಬಿಳಿ ಪಂಚೆಗೆ ಇಂಕು ಸಿಡಿದ ಹಾಗೆ. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಜಾತಕ ಸರಿಯಾಗಿ ನೋಡಿದ್ಯೇನೋ?" ಎಂದಳು.

ಅಮೆರಿಕದಲ್ಲಿರುವ ಭಾವಮೈದ ತನ್ನ ಬಫ್ ಕೋಳಿಯ ಫೋಟೊ ಕಳಿಸಿ, "ನೋಡಿ ಭಾವ, ಕಾಲು ಕಾಣುತ್ತೆ!" ಎಂದು ಬೀಗಿದ. ಅಲ್ಲಿನ ವಂಶ ಸ್ವಲ್ಪ ತೆಳ್ಳಗೆ. ನಮ್ಮದು ಇಂಗ್ಲಿಷ್ ಪ್ರದರ್ಶನದ ವಂಶ. ಒಳಗೆಲ್ಲೋ ಕೋಳಿ ಇದೆ, ಹೊರಗೆಲ್ಲ ತುಪ್ಪಳ. ಆ ತುಪ್ಪಳ ಎಷ್ಟು ದಟ್ಟವೆಂದರೆ, ಮೊಟ್ಟೆ ಫಲಿಸಬೇಕಾದರೆ ಹೇಟೆಯ ಹಿಂಭಾಗಕ್ಕೆ ನಾನೇ ಕೂತು ಕ್ಷೌರ ಮಾಡಬೇಕು. ಹುಂಜ ಪಕ್ಕದಲ್ಲೇ ನಿಂತು ಮೇಲ್ವಿಚಾರಣೆ ನಡೆಸುತ್ತದೆ. ಮೀಸೆ ಕತ್ತರಿ ಕಾಣದಾದರೆ ಈಗೀಗ ಹೆಂಡತಿಯನ್ನು ಕೇಳುವುದಿಲ್ಲ, ಸುಮ್ಮನೆ ಹೊಸದು ಕೊಳ್ಳುತ್ತೇನೆ.