ವಯೋಮೀಮಾಂಸಕ

ಗೃಹ್ಯಸೂತ್ರಗಳ ಪರಂಪರೆ ಮಗುವಿನ ಬಾಳಿನ ಒಂದೊಂದು ಮೊದಲ ಹೆಜ್ಜೆಗೂ ಒಂದೊಂದು ಕಾಲವನ್ನು ಗೊತ್ತುಮಾಡಿದೆ. ಅನ್ನಪ್ರಾಶನ ಆರನೆಯ ತಿಂಗಳಲ್ಲಿ, ಚೌಲ ಒಂದನೆಯ ಅಥವಾ ಮೂರನೆಯ ವರ್ಷದಲ್ಲಿ, ಬ್ರಾಹ್ಮಣ ವಟುವಿನ ಉಪನಯನ ಗರ್ಭಾಷ್ಟಮದಲ್ಲಿ, ಎಂದರೆ ಗರ್ಭದಲ್ಲಿದ್ದ ಕಾಲವನ್ನೂ ಸೇರಿಸಿ ಎಣಿಸಿದ ಎಂಟನೆಯ ವರ್ಷದಲ್ಲಿ ಆಗಬೇಕೆಂದು ವಿಧಿಸುವ ಆ ಪರಂಪರೆ, ಮಗುವನ್ನು ಥೀಮ್ ಪಾರ್ಕಿಗೆ ಮೊದಲ ಸಲ ಕರೆದೊಯ್ಯಬೇಕಾದ ವಯಸ್ಸಿನ ಬಗ್ಗೆ ಮಾತ್ರ ತುಟಿ ಬಿಚ್ಚುವುದಿಲ್ಲ. ಈ ಶಾಸ್ತ್ರಲೋಪವನ್ನು ತುಂಬುವ ಹೊಣೆಯನ್ನು ಬೆಂಗಳೂರಿನ ಮಧ್ಯಮವರ್ಗದ ಒಂದು ಬಗೆಯ ಗೃಹಸ್ಥನು ಯಾರೂ ಕೇಳದಿದ್ದರೂ ಹೊತ್ತುಕೊಂಡಿದ್ದಾನೆ. ಅವನನ್ನು ವಯೋಮೀಮಾಂಸಕನೆಂದು ಕರೆಯುವುದು ಉಚಿತ; ಏಕೆಂದರೆ ಅವನಿಗೆ ಬೇಕಾಗಿರುವುದು ಪಾರ್ಕಲ್ಲ, ಪಾರ್ಕಿಗೆ ಸಂಬಂಧಿಸಿದ ನಿರ್ಣಯ.

ಇವನ ಲಕ್ಷಣಗಳನ್ನು ಗುರುತಿಸುವುದು ಕಷ್ಟವಲ್ಲ. ಮಿಕ್ಸಿ ಕೊಳ್ಳುವಾಗ ಹನ್ನೊಂದು ಮಿಕ್ಸಿಗಳ ಗುಣದೋಷಗಳನ್ನು ಎಕ್ಸೆಲ್ ಹಾಳೆಯಲ್ಲಿ ತುಂಬಿಸಿ, ಕೊನೆಗೆ ಹೆಂಡತಿ ಮೊದಲ ದಿನವೇ ತೋರಿಸಿದ್ದ ಮಿಕ್ಸಿಯನ್ನು ತರುವವನು ಇವನೇ. ಮಗಳಿಗೆ ಒಂದೂವರೆ ವರ್ಷವಾದಾಗ ಪಕ್ಕದ ಫ್ಲ್ಯಾಟಿನವರು ಭಾನುವಾರ ಬಿಡದಿಗೆ ಹೋಗಿಬಂದ ಸುದ್ದಿ ಲಿಫ್ಟಿನಲ್ಲಿ ಇವನ ಕಿವಿಗೆ ಬಿತ್ತೆಂದರೆ, ಅಂದೇ ರಾತ್ರಿ ಹೊಸ ಹಾಳೆಯೊಂದು ತೆರೆದುಕೊಳ್ಳುತ್ತದೆ. ಅದರ ಮೊದಲ ಭಾಗ ಇತಿಹಾಸಕ್ಕೆ ಮೀಸಲು. ಥೀಮ್ ಪಾರ್ಕ್ ಎಂದರೆ ಬರಿಯ ಉಯ್ಯಾಲೆ, ಜಾರುಬಂಡೆಗಳ ಗುಂಪಲ್ಲ, ಒಂದು ಕಥೆಯ ಅಥವಾ ಕಲ್ಪನಾಲೋಕದ ಸುತ್ತ ಇಡೀ ಆವರಣವನ್ನು ಹೆಣೆದ ವಿಹಾರಸ್ಥಳ ಎಂಬ ವ್ಯಾಖ್ಯೆಯೂ, ವಾಲ್ಟ್ ಡಿಸ್ನಿ 1955ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ತೆರೆದ ಡಿಸ್ನಿಲ್ಯಾಂಡ್ ಈ ಬಗೆಯದಕ್ಕೆ ಮಾದರಿಯಾಯಿತೆಂಬ ವಿವರವೂ, ಮುಂಬೈಯ ಎಸ್ಸೆಲ್ ವರ್ಲ್ಡ್ 1989ರಲ್ಲಿ, ಬಿಡದಿಯ ವಂಡರ್‌ಲಾ 2005ರಲ್ಲಿ ಬಾಗಿಲು ತೆರೆದವೆಂಬ ಟಿಪ್ಪಣಿಯೂ ಅಲ್ಲಿ ಸೇರುತ್ತವೆ. ಈ ಮಾಹಿತಿಗೂ ಮಗಳ ವಯಸ್ಸಿಗೂ ಏನು ಸಂಬಂಧವೆಂದು ಹೆಂಡತಿ ಕೇಳಿದಾಗ, ಪೂರ್ವಪೀಠಿಕೆಯಿಲ್ಲದೆ ಸಿದ್ಧಾಂತವಿಲ್ಲವೆಂಬ ಉತ್ತರ ಬರುತ್ತದೆ.

ಸಿದ್ಧಾಂತದ ತಿರುಳು ನೆನಪು. ಮೂರು ವರ್ಷದೊಳಗೆ ನಡೆದದ್ದು ದೊಡ್ಡವರಾದ ಮೇಲೆ ಸಾಮಾನ್ಯವಾಗಿ ನೆನಪಿಗೆ ಬಾರದು. ಮನಶ್ಶಾಸ್ತ್ರದಲ್ಲಿ ಇದಕ್ಕೆ ಶೈಶವ ವಿಸ್ಮೃತಿ ಎಂದು ಹೆಸರು, ಹೆಸರಿಟ್ಟವನು ಸಿಗ್ಮಂಡ್ ಫ್ರಾಯ್ಡ್. ಬಹುತೇಕರ ಅತ್ಯಂತ ಹಳೆಯ ನೆನಪು ಮೂರು ಮೂರೂವರೆ ವರ್ಷದ ಆಸುಪಾಸಿನದು ಎಂಬ ಸಂಗತಿಯನ್ನು ಓದಿದಂದು ವಯೋಮೀಮಾಂಸಕನಿಗೆ ಆಗುವ ಆನಂದ, ಆದಾಯ ತೆರಿಗೆಯಲ್ಲಿ ಹೊಸ ವಿನಾಯಿತಿ ಸಿಕ್ಕಿದವನ ಆನಂದಕ್ಕೆ ಸಮ. ನೆನಪಿನಲ್ಲಿ ಉಳಿಯದ ವಿಹಾರಕ್ಕೆ ಹಣ ಕೊಡುವುದು ರಸೀದಿಯಿಲ್ಲದೆ ದೇಣಿಗೆ ಕೊಟ್ಟಂತೆ ಎಂಬುದು ಅವನ ನಿಲುವು. ಇದೇ ಮಗುವನ್ನು ಹನ್ನೊಂದನೆಯ ತಿಂಗಳಲ್ಲಿ ತಿರುಪತಿಗೆ ಕರೆದೊಯ್ದು ತಲೆ ಬೋಳಿಸಿದ್ದು ಅದಕ್ಕೆ ನೆನಪಿದೆಯೇ ಎಂದು ಯಾರೂ ವಿಚಾರಿಸಿರಲಿಲ್ಲ. ಆ ಪ್ರಶ್ನೆಯನ್ನು ಮನೆಯ ಅಜ್ಜಿ ಎತ್ತಿದಾಗ, ಅದರ ಪುಣ್ಯಕ್ಕೆ ನೆನಪಿನ ಅಗತ್ಯವಿಲ್ಲವೆಂದು ಅವನು ಸಮಾಧಾನ ಹೇಳುತ್ತಾನೆ.

ನೆನಪಿನ ಕಂಡಿಕೆ ಮುಗಿದ ಮೇಲೆ ದರದ ಕಂಡಿಕೆ. ಇಲ್ಲಿ ಮೀಮಾಂಸಕನಿಗೆ ಒಂದು ಸತ್ಯ ಗೋಚರಿಸುತ್ತದೆ: ಮಗುವಿನ ವಯಸ್ಸು ಎಂಬುದು ಕೇಳುವವರನ್ನು ಅವಲಂಬಿಸಿ ಹಿಗ್ಗುವ, ಕುಗ್ಗುವ ಪದಾರ್ಥ. ವಿಮಾನದವರಿಗೆ ಎರಡು ತುಂಬುವವರೆಗೆ ಅದು ಮಡಿಲಿನ ಕೂಸು. ಡಿಸ್ನಿಯವರಿಗೆ ಮೂರು ತುಂಬುವವರೆಗೆ ಉಚಿತ, ಒಂಬತ್ತರವರೆಗೆ ಬಾಲಕ, ಹತ್ತಕ್ಕೆ ಪ್ರೌಢ. ಭಾರತೀಯ ರೈಲ್ವೆಗೆ ಐದರ ಒಳಗೆ ಟಿಕೆಟ್ಟೇ ಬೇಡ, ಅಲ್ಲಿಂದ ಹನ್ನೆರಡರವರೆಗೆ ಬೇರೆ ಬರ್ತ್ ಕೇಳದಿದ್ದರೆ ಹಾಫ್ ಟಿಕೆಟ್. ಆದ್ದರಿಂದ ರೈಲಿನಲ್ಲಿ ಎಷ್ಟೋ ಮಕ್ಕಳಿಗೆ ನಾಲ್ಕು ವರ್ಷ ಹನ್ನೊಂದು ತಿಂಗಳು ಎರಡು ವರ್ಷಗಳ ಕಾಲ ನಡೆಯುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಶಾಲೆ: ಕರ್ನಾಟಕದಲ್ಲಿ ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮ ಬಂದಾಗ, ರೈಲಿನಲ್ಲಿ ಕಿರಿದಾಗಿದ್ದ ಅದೇ ಮಗುವನ್ನು ಹಿರಿದು ಮಾಡಲು ತಂದೆತಾಯಂದಿರು ಕಚೇರಿಯಿಂದ ಕಚೇರಿಗೆ ಅಲೆದರು, 2025–26ನೆಯ ಸಾಲಿಗೆ ಸರ್ಕಾರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ ಮೇಲೆಯೇ ಹಲವರ ಉಸಿರು ಕೆಳಗಿಳಿದದ್ದು.

ಇಷ್ಟೆಲ್ಲ ವಯಸ್ಸುಗಳನ್ನು ಪಳಗಿಸಿಕೊಂಡ ಮೀಮಾಂಸಕನು ಬಿಡದಿಯ ಗೇಟಿನ ನಿಯಮ ಓದಿದಾಗ ಬೆಚ್ಚಿಬೀಳುತ್ತಾನೆ. ಅಲ್ಲಿ ವಯಸ್ಸಿಗೆ ಬೆಲೆಯೇ ಇಲ್ಲ. 85 ಸೆಂಟಿಮೀಟರಿಗಿಂತ ಕುಳ್ಳಗಿದ್ದರೆ ಉಚಿತ, ಅಲ್ಲಿಂದ 140ರವರೆಗೆ ಮಕ್ಕಳ ದರ, ಅದರಾಚೆಗೆ ಹತ್ತು ವರ್ಷದ ಪೋರನೂ ಪೂರ್ಣ ಮನುಷ್ಯ. ಇದರ ಹಿಂದಿನ ತರ್ಕ ಸರಳವಾದದ್ದು: ರೈಡ್ ಎಂದರೆ ಕೂತವರನ್ನು ತಿರುಗಿಸುವ, ಎತ್ತಿಹಾಕುವ, ತಲೆಕೆಳಗು ಮಾಡುವ ಯಂತ್ರ, ಅದರ ಕಬ್ಬಿಣದ ಅಡ್ಡಪಟ್ಟಿ ತೊಡೆಯ ಮೇಲೋ ಭುಜದ ಮೇಲೋ ಸರಿಯಾಗಿ ಕೂರಬೇಕಾದರೆ ಮೈಯ ಅಳತೆ ಬೇಕೇ ಹೊರತು ಜನನ ಪ್ರಮಾಣಪತ್ರವಲ್ಲ. ರೈಡಿಗೆ ಎತ್ತರ ಕೇಳುವುದು ನ್ಯಾಯ, ಆ ಅಳತೆಗೋಲು ಟಿಕೆಟ್ ಕೌಂಟರಿಗೂ ಬಂದು ನಿಂತದ್ದೇ ಇವನ ಸಂಕಟ. ಎರಡನೆಯ ಹುಟ್ಟುಹಬ್ಬದ ಹೊತ್ತಿಗೆ ಸಾಮಾನ್ಯ ಮಗು 86–88 ಸೆಂಟಿಮೀಟರು ಬೆಳೆದಿರುತ್ತದೆ, ಐದಕ್ಕೆ 110ರ ಸುಮಾರಿಗೆ ಬರುತ್ತದೆ. ಎಂದರೆ ಉಚಿತವಾಗಿ ಹೋಗಬಹುದಾದ ಕಾಲದಲ್ಲಿ ನೆನಪು ಉಳಿಯದು, ನೆನಪು ಉಳಿಯುವ ಕಾಲದಲ್ಲಿ ಉಚಿತವಿಲ್ಲ. ಹಾಳೆಯ ಈ ಸಾಲಿಗೆ ಅವನು ಹಳದಿ ಬಣ್ಣ ಬಳಿದಿದ್ದಾನೆ.

ಅಂದಿನಿಂದ ಅಡಿಗೆಮನೆಯ ಬಾಗಿಲುವಾಡದ ಮೇಲೆ ಪೆನ್ಸಿಲ್ ಗೆರೆಗಳು ಏಳುತ್ತವೆ. ಸ್ಕೇಲು ಅಡ್ಡವಿಟ್ಟು ಗೆರೆ ಎಳೆಯುವ ಈ ಪಾಕ್ಷಿಕ ವಿಧಿಯಲ್ಲಿ ಮಗಳು ಉತ್ಸಾಹದಿಂದ ಹಿಮ್ಮಡಿ ಎತ್ತುತ್ತಾಳೆ, ತಂದೆ ಅವಳ ತಲೆಯನ್ನು ಮೆಲ್ಲಗೆ ಒತ್ತುತ್ತಾನೆ. ದಿನವೆಲ್ಲ ನಿಂತು ಓಡಾಡಿದರೆ ಬೆನ್ನುಮೂಳೆಗಳ ನಡುವಿನ ಮೆತ್ತನೆಯ ಬಿಲ್ಲೆಗಳು ಅಡಕವಾಗಿ ಮನುಷ್ಯ ಸಂಜೆಯ ಹೊತ್ತಿಗೆ ಸುಮಾರು ಒಂದು ಸೆಂಟಿಮೀಟರು ಕುಗ್ಗುತ್ತಾನೆಂಬುದು ಶರೀರಶಾಸ್ತ್ರದ ಮಾತು. ಇದನ್ನು ತಿಳಿದಂದಿನಿಂದ ಗೇಟನ್ನು ಸಂಜೆ ದಾಟಿ ರೈಡನ್ನು ಮುಂಜಾನೆ ಹತ್ತುವ ಉಪಾಯವೊಂದನ್ನು ಅವನು ಹುಡುಕುತ್ತಲೇ ಇದ್ದಾನೆ.

ಅಮೆರಿಕದಲ್ಲಿರುವ ಷಡ್ಡಕನ ಪಾತ್ರವನ್ನು ಇಲ್ಲಿ ಕೈಬಿಡುವಂತಿಲ್ಲ. ನ್ಯೂ ಜೆರ್ಸಿಯಿಂದ ಫ್ಲಾರಿಡಾದ ಡಿಸ್ನಿ ವರ್ಲ್ಡಿಗೆ ಮಗನನ್ನು ಹತ್ತನೆಯ ಹುಟ್ಟುಹಬ್ಬಕ್ಕೆ ಒಂಬತ್ತು ದಿನ ಮುಂಚೆ ಕರೆದೊಯ್ದು ಮಕ್ಕಳ ದರವನ್ನು ಗೆದ್ದುಕೊಂಡ ಆ ಮಹಾನುಭಾವನು, ಅಲ್ಲಿ ಒಬ್ಬ ಹಿರಿಯ ಕೂಸಿನೊಡನೆ ಹೊರಗೆ ನಿಂತು ಇನ್ನೊಬ್ಬರು ರೈಡು ಮುಗಿಸಿ ಬಂದ ಮೇಲೆ ಮತ್ತೆ ಸಾಲು ನಿಲ್ಲದೆ ಸರದಿ ಬದಲಾಯಿಸಿಕೊಳ್ಳಬಹುದೆಂಬ ಏರ್ಪಾಟನ್ನು ವಾರದ ಫೋನಿನಲ್ಲಿ ಸವಿಸ್ತಾರವಾಗಿ ಬಣ್ಣಿಸುತ್ತಾನೆ. ಅವನ ಮಾತಿನಲ್ಲಿ ಯೋಗ್ಯ ವಯಸ್ಸು ಆರು. ಅವನ ಹೆಂಡತಿಯ ಮಾತಿನಲ್ಲಿ, ಹಿಂದಿನಿಂದ ಕೇಳಿಬರುವಂತೆ, ಹದಿನಾರು.

ಆರು ಎಂಬ ಸಂಖ್ಯೆ ಬಹುತೇಕ ಗೆದ್ದಿತೆನ್ನುವಷ್ಟರಲ್ಲಿ ಹೊಸ ವಿಘ್ನ ಬರುತ್ತದೆ. ಕಣ್ಣು ಕಂಡದ್ದಕ್ಕೂ ಒಳಗಿವಿಯ ಸಮತೋಲನದ ಅಂಗ ತಿಳಿಸಿದ್ದಕ್ಕೂ ಹೊಂದಿಕೆ ತಪ್ಪಿದಾಗ ಹೊಟ್ಟೆ ತೊಳಸುವ ತೊಂದರೆ ಎರಡು ವರ್ಷದೊಳಗಿನವರಲ್ಲಿ ಅಪರೂಪ, ಆದರೆ ಆರೇಳರಿಂದ ಹನ್ನೆರಡರವರೆಗಿನ ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚು. ಪ್ರಕೃತಿ ಇಲ್ಲಿಯೂ ಹಾಸ್ಯವಾಡಿದೆ: ರೈಡಿಗೆ ಬೇಕಾದ ಎತ್ತರವನ್ನೂ ತಿಂದದ್ದನ್ನು ಕಾರುವ ಸಾಮರ್ಥ್ಯವನ್ನೂ ಮಗುವಿಗೆ ಅದು ಒಟ್ಟಿಗೇ ದಯಪಾಲಿಸಿದೆ. ಬೆಳಗ್ಗೆ ಐದಕ್ಕೆ ಎದ್ದು ಕಲೆಸಿದ ಪುಳಿಯೋಗರೆಯನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಗೇಟಿನ ಹೊರಗೆ ಕಾರಿನಲ್ಲಿಯೇ ತಿಂದು ಮುಗಿಸುವ ಕನ್ನಡ ಕುಟುಂಬಗಳ ವಿಷಯದಲ್ಲಿ ಇದು ಕೇವಲ ಶಾಸ್ತ್ರೀಯ ಪ್ರಶ್ನೆಯಲ್ಲ.

ಈ ಘಟ್ಟದಲ್ಲಿ ಅಜ್ಜಿ ಒಮ್ಮೆ ಬಾಯಿ ತೆರೆಯುತ್ತಾರೆ. "ಜಾತ್ರೆಗೆ ಹೋಗೋಕೆ ಜಾತಕ ನೋಡ್ತಾರೇನೋ? ನಿನ್ನ ಏಳು ತಿಂಗಳ ಕೂಸಲ್ಲಿ ಕಡಲೆಕಾಯಿ ಪರಿಷೆಗೆ ಎತ್ಕೊಂಡು ಹೋಗಿದ್ದೆ. ತೊಟ್ಟಿಲಲ್ಲೂ ಕೂರಿಸಿದ್ದೆ." ತೊಟ್ಟಿಲೆಂದರೆ ನಾಲ್ಕು ಪೆಟ್ಟಿಗೆಗಳನ್ನು ತೂಗುಹಾಕಿ ಒಬ್ಬನು ಕೈಯಿಂದ ತಿರುಗಿಸುತ್ತಿದ್ದ ಮರದ ಚಕ್ರ, ಅದಕ್ಕೆ ಅಡ್ಡಪಟ್ಟಿಯಿರಲಿಲ್ಲ, ಎತ್ತರದ ಗೆರೆಯಿರಲಿಲ್ಲ, ಅಮ್ಮನ ತೋಳಿತ್ತು. ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ನಡೆಯುವ ಆ ಪರಿಷೆಗೆ ಮಕ್ಕಳು ಹೋಗುತ್ತಿದ್ದದ್ದು ವಯಸ್ಸಾಯಿತೆಂದಲ್ಲ, ಮನೆಯಲ್ಲಿ ಬಿಟ್ಟುಹೋಗಲು ಯಾರೂ ಇಲ್ಲವೆಂದು. ಸುರಕ್ಷತೆಯ ದೃಷ್ಟಿಯಿಂದ ಅಜ್ಜಿಯ ವಾದ ನಿಲ್ಲುವಂಥದ್ದಲ್ಲವೆಂಬುದನ್ನು ಒಪ್ಪಲೇಬೇಕು. ಮೀಮಾಂಸಕನು ಆ ಏಳು ತಿಂಗಳ ವಿಹಾರ ತನಗೆ ಕಿಂಚಿತ್ತೂ ನೆನಪಿಲ್ಲವೆಂದು ತನ್ನ ಸಿದ್ಧಾಂತಕ್ಕೆ ಪುರಾವೆ ಪಡೆದುಕೊಳ್ಳುತ್ತಾನೆ. "ನಂಗೆ ನೆನಪಿದೆಯಲ್ಲ" ಎಂದು ಅಜ್ಜಿ ಹುರುಳಿಕಾಯಿ ಸೋಸುವುದಕ್ಕೆ ಮರಳುತ್ತಾರೆ. ಈ ಮಾತಿಗೆ ಹಾಳೆಯಲ್ಲಿ ಕಂಡಿಕೆಯಿಲ್ಲ.

ಕಡೆಗೂ ಹೊರಡುವುದು ಮಗಳ ಎಂಟನೆಯ ವರ್ಷದಲ್ಲಿ. ಎಣಿಸಿ ನೋಡಿದರೆ ಹೆಚ್ಚುಕಡಿಮೆ ಗರ್ಭಾಷ್ಟಮದಲ್ಲಿಯೇ. ಆ ವೇಳೆಗೆ ಹುಟ್ಟಿದ್ದ ಎರಡನೆಯ ಕೂಸೂ ಜೊತೆಗಿರುತ್ತದೆ, ಅದಕ್ಕೆ ಹತ್ತು ತಿಂಗಳು. ಅದರ ಯೋಗ್ಯ ವಯಸ್ಸಿನ ಬಗ್ಗೆ ಯಾವ ಜಿಜ್ಞಾಸೆಯೂ ನಡೆದಿರುವುದಿಲ್ಲ. ಎರಡನೆಯ ಮಗುವಿನ ಮಟ್ಟಿಗೆ ಎಲ್ಲ ಶಾಸ್ತ್ರಗಳೂ ಸಡಿಲವೆಂಬುದು ಲೋಕಾನುಭವ. ಚೊಚ್ಚಲಿಗೆ ಕುದಿಸಿ ಆರಿಸಿದ ನೀರು, ಅದರ ಬೆನ್ನಿಗೆ ಬಿದ್ದದ್ದಕ್ಕೆ ಅಕ್ಕ ಕುಡಿದು ಬಿಟ್ಟ ಲೋಟ.

ಗೇಟಿನಲ್ಲಿ ಅಳತೆಗೋಲು ಕಂಡೊಡನೆ, ಮಗಳು 140ರ ಗೆರೆಗೆ ಇನ್ನೂ ಗೇಣು ದೂರವಿದ್ದರೂ, ತಂದೆ ಅಭ್ಯಾಸಬಲದಿಂದ "ಪುಟ್ಟಿ, ಸ್ವಲ್ಪ ಬಗ್ಗು" ಎನ್ನುತ್ತಾನೆ, ಅವಳ ಜುಟ್ಟನ್ನೂ ಬಿಚ್ಚಿಸುತ್ತಾನೆ. ಅರ್ಧ ಗಂಟೆಯ ಬಳಿಕ ದೊಡ್ಡ ರೈಡಿನ ಬಾಯಿಯಲ್ಲಿ, ಇನ್ನೊಂದು ಅಳತೆಗೋಲಿನ ಮುಂದೆ, "ನೆಟ್ಟಗೆ ನಿಲ್ಲು, ಕತ್ತೆತ್ತು" ಎಂದು ಅದೇ ಜುಟ್ಟನ್ನು ಎತ್ತರಕ್ಕೆ ಕಟ್ಟಿಸುತ್ತಾನೆ. ಅಳೆಯುವ ಹುಡುಗನು ಜುಟ್ಟನ್ನು ಅಂಗೈಯಿಂದ ಅದುಮಿ, ಅವಳನ್ನು ಒಳಗೆ ಬಿಟ್ಟು, ಪಕ್ಕದ ಫಲಕವನ್ನು ತಂದೆಗೆ ತೋರಿಸುತ್ತಾನೆ. ಹೃದಯದ ತೊಂದರೆ, ರಕ್ತದೊತ್ತಡ, ಬೆನ್ನುನೋವು ಇದ್ದವರು ಈ ರೈಡನ್ನು ಹತ್ತಬಾರದು ಎಂದು ಕನ್ನಡದಲ್ಲಿಯೇ ಬರೆದಿದೆ. ಹಾಳೆ ತೆರೆದಾಗ ಮೂವತ್ತೈದಾಗಿದ್ದ, ಈಗ ನಲವತ್ತೊಂದಾದ ಮೀಮಾಂಸಕನು ಹೋದ ದೀಪಾವಳಿಯಿಂದ ಬೆಳಗ್ಗೆ ಒಂದು ಬಿ.ಪಿ. ಮಾತ್ರೆ ನುಂಗುತ್ತಿದ್ದಾನೆ, ಬೆನ್ನಿನ ವಿಷಯ ಆಫೀಸಿನವರೆಲ್ಲರಿಗೂ ಗೊತ್ತು. ಹೆಂಡತಿ ಚಪ್ಪಲಿಗಳನ್ನೂ ಕನ್ನಡಕವನ್ನೂ ಅವನ ಕೈಗೆ ಕೊಟ್ಟು, "ರೀ, ಪಾಪುಗೆ ಸೆರ್ಲಾಕ್ ಕಲಸಿ, ಬರ್ತೀವಿ" ಎಂದು ಮಗಳ ಹಿಂದೆ ಓಡುತ್ತಾಳೆ. ಮರದ ನೆರಳಿನ ಕಲ್ಲುಬೆಂಚಿನ ಮೇಲೆ ನಾಲ್ಕು ಚೀಲಗಳ ನಡುವೆ ಅಜ್ಜಿ ಮೊದಲೇ ಕೂತಿದ್ದಾರೆ. ಮಗನಿಗೆ ಜಾಗವಾಗಲೆಂದು ಒಂದು ಚೀಲವನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಾರೆ.