ಎಮ್ಮೆದೊಡ್ಡಿಯ ಕಿಂಗ್ಸ್ ಇಂಡಿಯನ್

ಎಮ್ಮೆದೊಡ್ಡಿಯಲ್ಲಿ ಗಣಪತಿ ಕೂರಿಸಿದವರಿಗೆ ಹಗ್ಗಜಗ್ಗಾಟ, ಮಡಕೆ ಒಡೆಯೋದು ಸಾಲದೆ ಆ ವರ್ಷ ಚೆಸ್ ಪಂದ್ಯವನ್ನೂ ಇಟ್ಟರು. ಹೆಸರು ಕೊಟ್ಟವರಿಗಿಂತ ಸಲಹೆ ಕೊಡುವವರೇ ಹೆಚ್ಚು. ಕೊನೆಗೆ ಉಳಿದವರು ಇಬ್ಬರು: ಮೊಬೈಲಿನಲ್ಲಿ ಆಟ ಕಲಿತ ಕಾಲೇಜು ಹುಡುಗ, ಮದಗದ ಕೆರೆ ಕಡೆ ದನ ಮೇಯಿಸುತ್ತಾ ನೆಲದ ಮೇಲೆ ಮನೆ ಗೀಚಿ ಆಡಿ ಬೆಳೆದ ನಮ್ಮ ದೊಡ್ಡಪ್ಪ.

ಹುಡುಗ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನೂಕಿದ. ದೊಡ್ಡಪ್ಪ ಕುದುರೆ ಮುಂದಿನದನ್ನು ಒಂದೇ ಒಂದು ಮನೆ ಸರಿಸಿದರು.

"ಅಜ್ಜಾ, ಮೊದಲ್ನೇ ಸಲ ಎರಡು ಮನೆ ಹೋಗ್ಬಹುದು."

"ಹೋಗ್ಬಹುದು ಅಂದ್ರೆ ಹೋಗ್ಲೇಬೇಕು ಅಂತೇನಿಲ್ವಲ್ಲಪ್ಪ. ನಡೆಯೋನು ಅವನು, ನಿಂಗ್ಯಾಕೆ ಅವಸರ?"

ಕಾಲಾಳು ಖಾಲಿ ಮಾಡಿದ ಮನೆಗೆ ಒಂಟೆ ಬಂದು ಕೂತಿತು. ಹುಡುಗ ನಡುಮನೆಯಲ್ಲಿ ಮೂರು ಕಾಲಾಳು ಸಾಲಾಗಿ ನಿಲ್ಲಿಸಿ ಮೀಸೆ ಇಲ್ಲದ ಜಾಗವನ್ನೇ ತಿರುವಿದ. ರಾಜನನ್ನು ಆನೆ ಕಡೆ ಎರಡು ಮನೆ ಸರಿಸಿ, ಆನೆಯನ್ನು ಇತ್ತ ಹಾರಿಸಿದಾಗ ಮಾತ್ರ ದೊಡ್ಡಪ್ಪ ರೇಗಿದರು. ಅವರ ಪ್ರಕಾರ ಇದು ಹಾಡಹಗಲ ಕಳ್ಳತನ. ಹಳೇ ಕಾಯಿದೆಯಲ್ಲಿ ರಾಜ ಒಂದು ಸಲ ಕುದುರೆ ಹಾಗೆ ಹಾರಬಹುದಿತ್ತು, ಅಷ್ಟೆ. ತೀರ್ಪುಗಾರ ಮೇಷ್ಟ್ರು ಒಪ್ಪಲಿಲ್ಲ.

ತಮಾಷೆ ಏನೆಂದರೆ, ಕಾಲಾಳನ್ನು ಒಂದೇ ಮನೆ ಸರಿಸಿ ಒಂಟೆ ಕೂರಿಸುವ ದೊಡ್ಡಪ್ಪನ ಹಟಕ್ಕೆ ಪುಸ್ತಕದಲ್ಲಿ ದೊಡ್ಡ ಹೆಸರಿದೆ: ಕಿಂಗ್ಸ್ ಇಂಡಿಯನ್ ಡಿಫೆನ್ಸ್. 19ನೇ ಶತಮಾನದ ನಡುವಿನಲ್ಲಿ ಕಲ್ಕತ್ತೆಯಲ್ಲಿದ್ದ ಜಾನ್ ಕಾಕ್ರೇನ್ ಎಂಬ ವಕೀಲನ ಎದುರು ಮಹೇಶಚಂದ್ರ ಬ್ಯಾನರ್ಜಿ ಎಂಬ ಬಂಗಾಳಿ ಹೀಗೇ ಆಡುತ್ತಿದ್ದ. ನಮ್ಮ ಹಳೇ ಆಟದಲ್ಲಿ ಕಾಲಾಳಿಗೆ ಒಂದೇ ಮನೆ ತಾನೆ? ಆ ರೂಢಿಯವನಿಗೆ ಇದು ಸಹಜ ನಡೆ. ಮುಂದೆ ಜಗತ್ತನ್ನು ಗೆದ್ದ ಫಿಷರ್, ಕಾಸ್ಪರೋವ್ ಕೂಡ ಅದನ್ನು ಆಡಿದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗೂ ತಿರುಗಿಸುವ ಲೆಕ್ಕ ಹಾಕುತ್ತಿದ್ದುದೂ ಹೆಚ್ಚುಕಡಿಮೆ ಬ್ಯಾನರ್ಜಿಯ ಕಾಲದಲ್ಲೇ. ಇಷ್ಟೆಲ್ಲ ದೊಡ್ಡಪ್ಪನಿಗೆ ಹೇಳಿದೆ. "ಹೆಸರಿಟ್ಟೋರು ಬಾಡಿಗೆ ಕೊಡ್ತಾರಾ?" ಅಂದರು.

ನಡುವಿನ ಕಾಲಾಳುಗಳು ಹೊಡೆದಾಡಿ ಚದುರಿದ್ದೇ ತಡ, ಅಲ್ಲಿಯವರೆಗೂ ತೂಕಡಿಸುತ್ತಿದ್ದ ಒಂಟೆ ಮೂಲೆಯಿಂದ ಮೂಲೆಗೆ ಹೋಗಿ ಹುಡುಗನ ಆನೆಯನ್ನು ಎತ್ತಿತು. ಸಲಹೆಗಾರರೆಲ್ಲ "ನಾನು ಆಗ್ಲೇ ಹೇಳ್ದೆ" ಎಂದರು. ಬಹುಮಾನ ಸ್ಟೀಲ್ ಕೊಡಪಾನ. ದೊಡ್ಡಮ್ಮ ಅದೇ ದಿನ ಬಳಕೆಗೆ ಇಳಿಸಿದರು.

ಕಡೂರು, ತರೀಕೆರೆ ಕಡೆ ವಯಸ್ಸಾದವರು ಯಾರಾದರೂ ಎದುರು ಕೂತು ಕಾಲಾಳನ್ನು ಒಂದೇ ಮನೆ ಸರಿಸಿದರೆ ನಗಬೇಡಿ. ಮೊದಲು ಒಂಟೆ ಎಲ್ಲಿದೆ ನೋಡಿಕೊಳ್ಳಿ.