ಷಡ್ಡಕರ ಸಮುದ್ರ

ಬೆಂಗಳೂರಿಗೆ ಸಮುದ್ರವಿಲ್ಲ ಎಂಬುದನ್ನು ಸ್ವಂತ ಮನೆಯ ಕೊರತೆ ಎಂದೇ ಮನಸ್ಸಿಗೆ ಹಚ್ಚಿಕೊಂಡ ಗಂಡಸರ ಒಂದು ವರ್ಗವಿದೆ. ಇವರು ಮಂಗಳೂರಿನವರಲ್ಲ, ಕಾರವಾರದವರೂ ಅಲ್ಲ. ಅಲ್ಲಿಯವರು ಮೀನನ್ನು ತಟ್ಟೆಯಲ್ಲಿ ನೋಡಿ ತೃಪ್ತರಾಗುತ್ತಾರೆ. ಇವರು ಹಾಸನ, ತುಮಕೂರು, ಚಾಮರಾಜನಗರದ ಕಡೆಯವರು. ಕೆರೆ ಏರಿಯ ಮೇಲೆ ಓಡಾಡಿ ಬೆಳೆದವರು. ಬಹುಪಾಲು ಸಸ್ಯಾಹಾರಿಗಳು. ಮಕ್ಕಳ ಮದುವೆ, ಮನೆ ಸಾಲ ಎರಡೂ ಮುಗಿದ ಮೇಲೆ ಹಾಲ್‌ನ ಗೋಡೆಗೆ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ತರಿಸಿ, ಅದರಲ್ಲಿ ಹಿಂದೂ ಮಹಾಸಾಗರವನ್ನು ತಮ್ಮ ಪಾಲಿನಷ್ಟು ತುಂಬಿಸಿಕೊಳ್ಳುತ್ತಾರೆ. ಗೋಲ್ಡ್‌ಫಿಶ್ ಸಾಕುವವರನ್ನು ಇವರು ಲೆಕ್ಕಕ್ಕಿಡುವುದಿಲ್ಲ. "ಓ, ಅವರದು ಸಿಹಿನೀರು" ಎಂದು ಹೇಳಿ ಮಾತು ಬದಲಿಸುತ್ತಾರೆ.

ನನಗೆ ಈ ವರ್ಗ ಗಂಟುಬಿದ್ದದ್ದು ಷಡ್ಡಕರ ರೂಪದಲ್ಲಿ. ನನ್ನ ಹೆಂಡತಿಯ ಅಕ್ಕನ ಗಂಡ, ಮಾವನ ಮನೆಯ ಹಿರಿಯ ಅಳಿಯ, ಬ್ಯಾಂಕೊಂದರ ಸಿಬ್ಬಂದಿ ವಿಭಾಗದಿಂದ ನಿವೃತ್ತರಾದವರು. ಜೀವಮಾನವಿಡೀ ವರ್ಗಾವಣೆ, ಬಡ್ತಿ, ಸೀನಿಯಾರಿಟಿ ಪಟ್ಟಿಗಳನ್ನು ನೋಡಿ ದಣಿದಿದ್ದರು. ಮೀನು ನೋಡುತ್ತ ಕೂತರೆ ಬಿ.ಪಿ. ಇಳಿಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿದರು.

ಬಿ.ಪಿ. ಎಂದಾಗ ಉಪ್ಪಿನ ವಿಷಯ ಹೇಳಲೇಬೇಕು. ಮನುಷ್ಯನಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅತ್ತಿಗೆ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ಆ ಮನೆಯ ಸಾರು ಎಷ್ಟು ಸಪ್ಪೆ ಎಂದರೆ ನೆಂಟರು ಉಪ್ಪಿನಕಾಯಿಯನ್ನೇ ನೆಚ್ಚಿಕೊಂಡು ಊಟಕ್ಕೆ ಕೂರುತ್ತಾರೆ. ತೊಟ್ಟಿಗೆ ಮಾತ್ರ ಲೀಟರಿಗೆ 35 ಗ್ರಾಂ. ನಾನೂರು ಲೀಟರಿಗೆ ಹದಿನಾಲ್ಕು ಕಿಲೋ! ಆ ಸಾರನ್ನು ಉಂಡು ಕೈತೊಳೆದು ಬಂದ ಷಡ್ಡಕರು ರಿಫ್ರಾಕ್ಟೊಮೀಟರ್ ಎಂಬ ಕೊಳವೆಗೆ ತೊಟ್ಟಿಯ ಒಂದು ಹನಿ ಹಾಕಿ, ಬೆಳಕಿಗೆ ಹಿಡಿದು, "1.025. ಉಪ್ಪು ಹದವಾಗಿದೆ" ಎಂದು ಸಂತೋಷಪಡುವಾಗ ನಾನು ಎಷ್ಟೋ ಸಲ ಅತ್ತಿಗೆಯ ಮುಖ ನೋಡಿದ್ದೇನೆ. ಅವರು ನನ್ನ ಮುಖ ನೋಡುವುದಿಲ್ಲ.

ಈ ವರ್ಗದ ಉಳಿದ ಲಕ್ಷಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕರೆಂಟ್ ಹೋದರೆ ಇನ್ವರ್ಟರ್‌ನಲ್ಲಿ ಮೊದಲು ತಿರುಗುವುದು ತೊಟ್ಟಿಯ ಅಲೆ ಎಬ್ಬಿಸುವ ಯಂತ್ರ, ಆಮೇಲೆ ಅತ್ತೆಯವರ ಕೋಣೆಯ ಫ್ಯಾನು. ಮದುವೆಮನೆಯಲ್ಲಿ ಮಾಂಗಲ್ಯಧಾರಣೆಯ ಹೊತ್ತಿಗೆ ಎಲ್ಲರ ಕೈಯಲ್ಲೂ ಅಕ್ಷತೆಯಿದ್ದರೆ ಇವರ ಕೈಯಲ್ಲಿ ಫೋನು. ಅದರಲ್ಲಿ ಮನೆಯ ಕ್ಯಾಮೆರಾ, ಕ್ಯಾಮೆರಾದಲ್ಲಿ ತೊಟ್ಟಿ. ಹವಳ ಎಲ್ಲಿ ಎಂದು ಕೇಳಿದರೆ ಸಿಟ್ಟಾಗುತ್ತಾರೆ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಸಮುದ್ರದಿಂದ ಕಿತ್ತು ತಂದರೆ ಜೈಲು, ತಮ್ಮಲ್ಲಿರುವುದು ಸುಟ್ಟ ಮಣ್ಣಿನ ಬಂಡೆ ಎಂದು ಕಾಯ್ದೆಯ ಸಮೇತ ವಿವರಿಸುತ್ತಾರೆ. ಇನ್ನು ಫ್ರೀಜರ್. ಈ ಮೀನುಗಳಿಗೆ ಬೇಕಾದದ್ದು ಹೆಪ್ಪುಗಟ್ಟಿಸಿದ ಪುಟ್ಟ ಸೀಗಡಿ. ಈರುಳ್ಳಿಯನ್ನೂ ಚಾತುರ್ಮಾಸ್ಯದಲ್ಲಿ ಹೊಸಿಲು ದಾಟಿಸದ ಅತ್ತೆಯವರು, ಐಸ್ ತೆಗೆಯಲು ಹೋಗಿ ಒಂದು ದಿನ ಆ ಪೊಟ್ಟಣವನ್ನು ಕೈಯಲ್ಲಿ ಹಿಡಿದರು. ಮುಂದಿನದನ್ನು ಬರೆಯುವುದಿಲ್ಲ. ಈಗ ಬಾಲ್ಕನಿಯಲ್ಲಿ ಎರಡನೆಯ ಫ್ರಿಜ್ ಇದೆ.

ನಾನು ಹೇಳಹೊರಟದ್ದು ಜಗಳದ ವಿಷಯ. ಬಂದವರೆಲ್ಲ ತೊಟ್ಟಿಯ ಮುಂದೆ ನಿಂತು "ಎಷ್ಟು ಶಾಂತವಾಗಿದೆ!" ಎನ್ನುತ್ತಾರೆ. ಒಳಗೆ ನಡೆಯುತ್ತಿರುವುದು ಕೊಲೆಯತ್ನ. ಷಡ್ಡಕರು ಮೊದಲು ತಂದದ್ದು ಎರಡು ಕ್ಲೌನ್ ಮೀನು. ಕಿತ್ತಳೆ ಮೈ, ಬಿಳಿ ಪಟ್ಟೆ. ಎರಡೂ ದಪ್ಪಗೆ, ಒಂದೇ ಅಳತೆ. "ಜೋಡಿ ಸಾರ್" ಎಂದಿದ್ದ ಅಂಗಡಿಯವನು. ರಾತ್ರಿ ಬೆಳಗಾಗುವುದರಲ್ಲಿ ಒಂದರ ರೆಕ್ಕೆ ಚಿಂದಿಯಾಗಿತ್ತು. ಆಗ ಶುರುವಾಯಿತು ಅವರ ಓದು, ಅದರ ಹಿಂದೆಯೇ ನನ್ನ ಶಿಕ್ಷೆ. ಓದಿದ್ದನ್ನೆಲ್ಲ ಅವರು ಫೋನಿನಲ್ಲಿ ನನಗೆ ಒಪ್ಪಿಸುತ್ತಿದ್ದರು.

ಕ್ಲೌನ್ ಮೀನುಗಳೆಲ್ಲ ಮೊದಲು ಗಂಡಾಗಿಯೇ ಬೆಳೆಯುತ್ತವಂತೆ. ಒಂದು ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಅದರ ನಂತರದ್ದು ಅದರ ಗಂಡ, ಉಳಿದವು ಸಂಸಾರವಿಲ್ಲದೆ ಸುಮ್ಮನೆ ಇರುವಂಥವು. ಹೆಣ್ಣು ಸತ್ತರೆ ಗಂಡನೇ ಹೆಣ್ಣಾಗುತ್ತಾನೆ, ಮೂರನೆಯವನಿಗೆ ಗಂಡನ ಸ್ಥಾನ. ಒಮ್ಮೆ ಹೆಣ್ಣಾದದ್ದು ಮತ್ತೆ ಗಂಡಾಗದು. ಹಾಗಾಗಿ ಎರಡು ಹೆಣ್ಣುಗಳನ್ನು ಒಂದೇ ತೊಟ್ಟಿಗೆ ಬಿಟ್ಟರೆ ರಾಜಿಗೆ ದಾರಿಯೇ ಇಲ್ಲ. ಒಂದು ದೊಡ್ಡದು, ಒಂದು ಚಿಕ್ಕದು ತರಬೇಕು. ಚಿಕ್ಕದು ದೊಡ್ಡದರ ಮುಂದೆ ಬಂದು ಮೈ ನಡುಗಿಸಿದರೆ ಶರಣಾಗತಿ ಎಂದರ್ಥ.

ಹೊಸ ಚಿಕ್ಕ ಮೀನು ಬಂದ ಸಂಜೆ ನಾನೂ ಅಲ್ಲಿದ್ದೆ. ಷಡ್ಡಕರು ಗಾಜಿಗೆ ಮೂಗು ತಾಗಿಸಿ ಕೂತಿದ್ದರು. ಇದ್ದಕ್ಕಿದ್ದಂತೆ ಎದ್ದು ಕೂಗಿದರು: "ನಡುಗ್ತಿದೆ! ಲೇ, ಬಾರೇ, ನೋಡು, ನಡುಗ್ತಿದೆ! ಇನ್ನು ಸಂಸಾರ ಸರಿಹೋಯ್ತು!"

ಅತ್ತಿಗೆ ಸೌಟು ಹಿಡಿದು ಬಂದು ನೋಡಿದರು. "ನಡುಗ್ತಿರೋದು ಯಾರು?"

"ಗಂಡು."

"ಸರಿ" ಎಂದು ಒಳಗೆ ಹೋದರು.

2003ರಲ್ಲಿ ಬಂದ 'ಫೈಂಡಿಂಗ್ ನೀಮೊ' ಸಿನಿಮಾವನ್ನು ಮೊಮ್ಮಗಳು ನೋಡುವಾಗಲೂ ಇವರಿಗೆ ಸುಮ್ಮನಿರಲಾಗಲಿಲ್ಲ. ತಾಯಿಮೀನು ಸತ್ತ ಮೇಲೆ ಆ ಅಪ್ಪ ಮಗನನ್ನು ಹುಡುಕಿಕೊಂಡು ಹೋಗುವುದೆಲ್ಲ ಸುಳ್ಳು, ಅಷ್ಟರಲ್ಲಿ ಅವನೇ ಅಮ್ಮ ಆಗಿಬಿಡುತ್ತಿದ್ದ ಎಂದು ತಿದ್ದಿದರು. ಮಗು ಸ್ವಲ್ಪ ಹೊತ್ತು ಯೋಚಿಸಿ, "ತಾತ, ಅಜ್ಜಿ ಸತ್ರೆ ನೀನು ಅಜ್ಜಿ ಆಗ್ತೀಯಾ?" ಎಂದಿತು. ಅಡುಗೆಮನೆಯಿಂದಲೂ ದೇವರಮನೆಯಿಂದಲೂ ಒಟ್ಟಿಗೆ ಕೇಳಿಬಂತು: "ಬಿಡ್ತು ಅನ್ನು!"

ಅವರು ಒಪ್ಪಿಸಿದ ಪಾಠಗಳಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಒಂದೇ. ಪೀಟರ್ ಬಸ್ಟನ್ ಎಂಬ ವಿಜ್ಞಾನಿ ಪಪುವಾ ನ್ಯೂಗಿನಿಯ ಕಡಲಲ್ಲಿ ಈ ಮೀನುಗಳನ್ನು ಅಳೆದು 2003ರಲ್ಲಿ ಪ್ರಕಟಿಸಿದ ಸಂಗತಿ. ಸಾಲಿನಲ್ಲಿ ಹಿಂದಿರುವ ಮೀನು ತನ್ನ ಮುಂದಿನದಕ್ಕಿಂತ ಇಂತಿಷ್ಟು ಚಿಕ್ಕದಾಗಿಯೇ ಉಳಿಯುವಂತೆ ತನ್ನ ಬೆಳವಣಿಗೆಯನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದಂತೆ. ದೊಡ್ಡದಾದರೆ ಸ್ಪರ್ಧಿ ಎಂದು ಭಾವಿಸಿ ಹೊಡೆದಟ್ಟುತ್ತಾರೆ ಎಂಬ ಭಯ. ಕೇಳಿದಾಗ ನನಗೆ ವಿಜ್ಞಾನ ಅನ್ನಿಸಲಿಲ್ಲ. ನಾನು ಕಿರಿಯ ಅಳಿಯ. ಅವರು ಕಾರು ಕೊಂಡ ವರ್ಷ ನಾನು ಅದಕ್ಕಿಂತ ಒಂದು ಗೇಣು ಗಿಡ್ಡ ಕಾರು ಕೊಂಡವನು. ಅವರ ಮನೆ ಮೂವತ್ತು-ನಲವತ್ತರ ಸೈಟಿನಲ್ಲಿದ್ದರೆ ನನ್ನದು ಇಪ್ಪತ್ತು-ಮೂವತ್ತರದು. ಹಬ್ಬದ ಊಟಕ್ಕೆ ಅವರು ಕೂರುವವರೆಗೆ ನಾನು ಹೊರಗೆ ಪೇಪರ್ ಓದುತ್ತೇನೆ. ಇದನ್ನೆಲ್ಲ ಇಷ್ಟು ದಿನ ನನ್ನ ವಿನಯ ಎಂದು ತಿಳಿದುಕೊಂಡಿದ್ದೆ.

ಕ್ಲೌನ್ ಮೀನಿನ ಸಂಸಾರ ನಿಂತ ಮೇಲೆ ಮನುಷ್ಯ ತೃಪ್ತನಾಗಬೇಕಿತ್ತು. ಆದರೆ ಈ ವರ್ಗದವರಿಗೆ ಜಗಳವಿಲ್ಲದ ತೊಟ್ಟಿ ಬೇಸರ. ಆಂಥಿಯಸ್ ಎಂಬ ಮೀನು ತಂದರು: ಒಂದು ಗಂಡು, ಜೊತೆಗೊಂದು ಅಂತಃಪುರ. ಹೆಣ್ಣುಗಳು ಹೊಳೆಯುವ ಕಿತ್ತಳೆ, ಗಂಡು ನೇರಳೆಗೆಂಪು, ಅದರ ಬೆನ್ನಿನ ಮೇಲೆ ಧ್ವಜದ ಕೋಲಿನಂಥ ಉದ್ದ ಮುಳ್ಳು. ಇವುಗಳದ್ದು ಕ್ಲೌನಿನ ತದ್ವಿರುದ್ಧ. ಎಲ್ಲ ಹುಟ್ಟುತ್ತ ಹೆಣ್ಣು. ಗಂಡು ಇಲ್ಲವಾದರೆ ಹೆಣ್ಣುಗಳಲ್ಲಿ ಬಲವಾದದ್ದು ಗಂಡಾಗುತ್ತದೆ. ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪ ತಿನ್ನಿಸಬೇಕು, ಹಸಿದರೆ ಕಚ್ಚಾಡುತ್ತವೆ. ಆ ಮನೆಯಲ್ಲಿ ಅಷ್ಟು ಸಲ ಊಟ ಕೇಳಿ ಪಡೆಯುವ ಧೈರ್ಯ ಬೇರೆ ಯಾವ ಜೀವಿಗೂ ಇಲ್ಲ.

ಒಂದು ರಾತ್ರಿ ಮುಚ್ಚಳದ ಸಂದಿಯಿಂದ ಗಂಡು ಹೊರಗೆ ಹಾರಿತು. ಬೆಳಿಗ್ಗೆ ಕಸ ಗುಡಿಸುವಾಗ ಸಿಕ್ಕಿತು. ಷಡ್ಡಕರು ಅಂದೇ ಇನ್ನೊಂದು ಗಂಡಿಗೆ ಹೇಳಿಟ್ಟರು. ಅದು ಬರುವುದು ತಡವಾಯಿತು. ಅಷ್ಟರಲ್ಲಿ ಹೆಣ್ಣುಗಳಲ್ಲೊಂದು ಉಳಿದವನ್ನು ಅಟ್ಟಾಡಿಸತೊಡಗಿತು, ಅದರ ಕಿತ್ತಳೆ ಮಸುಕಾಯಿತು, ಬೆನ್ನ ಮುಳ್ಳು ನೀಳವಾಯಿತು. "ಪ್ರಭಾರ ವಹಿಸಿಕೊಂಡಿದೆ ಕಣ್ರೀ" ಎಂದು ಫೋನ್ ಮಾಡಿದರು. ಜೊತೆಗೆ ರಾಬರ್ಟ್‌ಸನ್ ಎಂಬಾತ ಆಸ್ಟ್ರೇಲಿಯಾದ ಹವಳದ ದಿಬ್ಬದಲ್ಲಿ ಇನ್ನೊಂದು ಜಾತಿಯ ಮೀನನ್ನು ನೋಡಿ 1972ರಲ್ಲಿ ಬರೆದದ್ದನ್ನೂ ಹೇಳಿದರು: ಗಂಡನ್ನು ತೆಗೆದ ಕೆಲವೇ ಗಂಟೆಗಳಲ್ಲಿ ದೊಡ್ಡ ಹೆಣ್ಣು ಗಂಡಿನ ಗತ್ತು ತೋರಿಸುತ್ತದೆ, ಎರಡು-ಮೂರು ವಾರಗಳಲ್ಲಿ ನಿಜವಾಗಿಯೇ ಗಂಡಾಗಿರುತ್ತದೆ. "ನಮ್ಮ ಬ್ಯಾಂಕಿನಲ್ಲಿ ಇದಕ್ಕೆ ಎರಡು ವರ್ಷ ಹಿಡೀತಿತ್ತು."

ಹೀಗೆ ಹುದ್ದೆ ಭರ್ತಿಯಾದ ಮೇಲೆ, ಗೌರಿಹಬ್ಬದ ಹಿಂದಿನ ದಿನ, ಹೇಳಿಟ್ಟಿದ್ದ ಗಂಡು ಬಂದಿತು. ಮರಳಿಸಿ ಎಂದೆ. ತೆಗೆದುಕೊಳ್ಳುವುದಿಲ್ಲವಂತೆ. ಹೊಸಬನನ್ನು ತೂತುಗಳಿರುವ ಪಾರದರ್ಶಕ ಡಬ್ಬಿಯಲ್ಲಿಟ್ಟು ತೊಟ್ಟಿಯೊಳಗೆ ತೂಗುಹಾಕಿದರು. ಒಬ್ಬರನ್ನೊಬ್ಬರು ನೋಡಬಹುದು, ಕಚ್ಚಲಾಗದು. ಪ್ರಭಾರಿ ಡಬ್ಬಿಗೇ ಢೀ ಕೊಡತೊಡಗಿದ. ಅವನ ಗಮನ ಬೇರೆಡೆಗೆ ಸೆಳೆಯಲು ಗಾಜಿನ ಹೊರಗೆ ಕನ್ನಡಿ ಇಡಬೇಕು, ತನ್ನ ಪ್ರತಿಬಿಂಬದ ಜೊತೆ ಕಾದಾಡಿ ಸುಸ್ತಾಗುತ್ತಾನೆ ಎಂದರು. ಅತ್ತಿಗೆಯ ಡ್ರೆಸಿಂಗ್ ಟೇಬಲ್ಲಿನ ಕನ್ನಡಿ ಬಿಚ್ಚಿ ತಂದವನು ನಾನು. ಮರುದಿನ ಬೆಳಿಗ್ಗೆ ಬಾಗಿನಕ್ಕೆ ಸಿದ್ಧರಾಗಬೇಕಾದ ಹೆಂಗಸರೆಲ್ಲ ಹಾಲ್‌ಗೆ ಬಂದು, ಮೀನಿನ ಬೆನ್ನ ಹಿಂದೆ ಬಗ್ಗಿ ನಿಂತು ಕುಂಕುಮ ಇಟ್ಟುಕೊಂಡರು. ಕತ್ತಲಲ್ಲಿ ಬಿಟ್ಟರೆ ಹೊಡೆದಾಟ ಕಡಿಮೆ ಎಂದು ದೀಪ ಆರಿಸಿ ಡಬ್ಬಿ ತೆರೆದರು. ಹಬ್ಬದ ಮನೆ ಕತ್ತಲು! ದೀಪ ಹಾಕಿದಾಗ ಹೊಸಬನ ಬಾಲ ಅರ್ಧವಿತ್ತು.

"ಹಿಡೀಲೇಬೇಕು" ಎಂದರು ಷಡ್ಡಕರು. ಬಂಡೆಗಳಿರುವ ತೊಟ್ಟಿಯಲ್ಲಿ ಮೀನು ಹಿಡಿಯುವುದೆಂದರೆ ಬಂಡೆಗಳನ್ನೆಲ್ಲ ಹೊರಗೆ ತೆಗೆಯುವುದು ಎಂದರ್ಥ. ನಾನು ಹಬ್ಬದ ರೇಷ್ಮೆ ಪಂಚೆಯಲ್ಲಿದ್ದೆ. ಹಿರಿಯ ಅಳಿಯ ಬಲೆ ಹಿಡಿದರು. ಬಂಡೆ ಎತ್ತುವುದು ಸೀನಿಯಾರಿಟಿ ಪ್ರಕಾರ ನನ್ನ ಪಾಲಿಗೆ ಬಂತು. ಒಂದೊಂದಾಗಿ ಎತ್ತಿ ಬಕೆಟ್ಟಿಗೆ, ಬಕೆಟ್ಟು ತುಂಬಿದ ಮೇಲೆ ಹೋಳಿಗೆ ಮಾಡಿಟ್ಟಿದ್ದ ದೊಡ್ಡ ಬೇಸಿನ್ನಿಗೆ. ಹೋಳಿಗೆ ಎಲ್ಲಿ ಹೋಯಿತೆಂದು ಆಮೇಲೆ ತನಿಖೆಯಾಯಿತು. ನೀರು ರಾಡಿ. ಮೊಣಕೈವರೆಗೆ ಉಪ್ಪು. ಅರಿಶಿನ-ಕುಂಕುಮಕ್ಕೆ ಬಂದ ಅಕ್ಕಪಕ್ಕದ ಮುತ್ತೈದೆಯರು ಬಾಗಿಲಲ್ಲಿ ನಿಂತು, ತೊಟ್ಟಿಯೊಳಗೆ ಕೈಬಿಟ್ಟು "ಆ ಕಡೆ! ಆ ಕಡೆ ಹೆಣ್ಣು! ಅಲ್ಲ ಗಂಡು! ಮೊದಲು ಹೆಣ್ಣಾಗಿತ್ತಲ್ಲ ಅದು!" ಎಂದು ಅರಚುತ್ತಿದ್ದ ಇಬ್ಬರು ಅಳಿಯಂದಿರನ್ನು ನೋಡಿದರು. ಅವರಲ್ಲಿ ಒಬ್ಬರು ತಾಂಬೂಲ ತೆಗೆದುಕೊಳ್ಳದೆಯೇ ಹೋದರಂತೆ.

ಕೊನೆಗೆ ಹೊಸಬ ಬಲೆಗೆ ಬಿದ್ದ. ಜಯನಗರದಿಂದ ಇದೇ ವರ್ಗದ ಇನ್ನೊಬ್ಬರು ಬಕೆಟ್ ಹಿಡಿದು ಬಂದು, ಮೀನನ್ನೂ ಉಳಿದ ಹೋಳಿಗೆಯನ್ನೂ ಒಯ್ದರು. ಬಂಡೆಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದೆವು. ಹಾಗೆ ಮಾಡಿದರೆ ಯಾವ ಮೂಲೆ ಯಾರದೆಂದು ಯಾರಿಗೂ ತಿಳಿಯದೆ ಹಳೆಯ ವೈರವೂ ಸ್ವಲ್ಪ ತಣ್ಣಗಾಗುತ್ತದೆ. ಇದು ನಿಜ, ನಾನೇ ಕಂಡಿದ್ದೇನೆ.

ಬೈಯುತ್ತೇನೆ, ಆದರೂ ಆ ಮನುಷ್ಯನ ತಾಳ್ಮೆ ನನಗಿಲ್ಲ. ಅವರ ಕ್ಲೌನ್ ಮೀನುಗಳು ಮರಿ ಮಾಡಿಸುವ ಕೇಂದ್ರದಲ್ಲೇ ಹುಟ್ಟಿದಂಥವು, ಸಮುದ್ರವನ್ನೇ ಕಂಡಿಲ್ಲ. ಇವರು ಕಂಡಿದ್ದಾರೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ, ಸಿಲಿಂಡರ್ ಕಟ್ಟಿಕೊಂಡು ಮುಳುಗಿ ಬಂದವರು. ದೋಣಿ ಹತ್ತಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಲ್ಲೂ ಅಟ್ಟಿಸಿಕೊಂಡು ಹೋಗ್ತವೆ. ಆದರೆ ಸೋತದ್ದಕ್ಕೆ ಓಡೋಕೆ ಜಾಗ ಇದೆ. ನಾನು ಕೊಡೋದು ನಾಲ್ಕಡಿ" ಎಂದರು. ಅವರ ಮಗ, ಮಗಳು ಇಬ್ಬರೂ ಹೊರದೇಶದಲ್ಲಿ. ಬ್ಯಾಂಕಿನವರ ಫೋನು ನಿಂತು ಎಷ್ಟೋ ಕಾಲವಾಯಿತು. ಸಂಜೆ ಅವರು ಹಾಲ್‌ಗೆ ಬಂದರೆ ಅವರ ಕಡೆಗೆ ತಿರುಗುವುದು ಆ ಮೀನುಗಳೇ. ಹಸಿವಿಗೇ ಇರಬಹುದು. ನಮ್ಮ ಮನೆಗಳಲ್ಲೂ ಮುದುಕರ ಕಡೆ ಯಾರಾದರೂ ತಿರುಗಿದರೆ ಸಾಕು, ಯಾಕೆ ಎಂದು ಕೇಳುವ ಸ್ಥಿತಿಯಲ್ಲಿ ಅವರಿರುವುದಿಲ್ಲ. ಛೆ, ನಾನು ಬರೆಯುತ್ತಿದ್ದದ್ದು ಮೀನಿನ ವಿಷಯ.

ಮೊನ್ನೆ ನನ್ನನ್ನು ಪಕ್ಕಕ್ಕೆ ಕರೆದರು. ಹೆಣ್ಣು ಕ್ಲೌನ್ ಮೂವತ್ತು ವರ್ಷ ಬದುಕಬಹುದೆಂದು ವಿಜ್ಞಾನಿಗಳ ಅಂದಾಜಿದೆಯಂತೆ. "ನನಗೆ ಅರವತ್ತಾರು. ಲೆಕ್ಕ ಹಾಕಿ" ಎಂದರು. ಹಾಕಿದೆ. ಒಂದು ನೋಟ್‌ಬುಕ್ ಕೊಟ್ಟರು. ಯಾವ ಮೀನು ಯಾವುದಕ್ಕೆ ಹೆದರುತ್ತದೆ, ಹೊಸದನ್ನು ಯಾವ ಮೂಲೆಯಲ್ಲಿ ಬಿಡಬೇಕು, ಕನ್ನಡಿ ಎಷ್ಟು ಹೊತ್ತು, ಎಲ್ಲ ಅವರ ದುಂಡನೆಯ ಅಕ್ಷರದಲ್ಲಿದೆ. "ಸಾಲಿನಲ್ಲಿ ನನ್ನ ನಂತರ ನೀವೇ ಅಲ್ವೇನ್ರೀ?"

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಬಹುಶಃ ಮೈ ಸ್ವಲ್ಪ ನಡುಗಿರಬೇಕು. ಮನೆಗೆ ಬಂದು ಹೆಂಡತಿಗೆ ನೋಟ್‌ಬುಕ್ ತೋರಿಸಿದೆ. ಅವಳು ತೆರೆಯಲೂ ಇಲ್ಲ. "ಆ ಎರಡನೇ ಫ್ರಿಜ್ಜೂ ಜೊತೆಗೆ ಬರುತ್ತಾ, ಭಾವನ್ನ ಮೊದಲು ಅದನ್ನ ಕೇಳಿ" ಎಂದಳು.